ಬಾಸ್ಕರ್‌ವಿಲ್ಸ್ ನಾಯಿ ಮತ್ತು ಒಂದು ಕೃತಜ್ಞತೆಯ ಪುಟ

ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗಿಗೆ ಕೊಡೋ ಹಿಂದಿನ ರಾತ್ರಿ ನಾವೆಲ್ಲ ಕೊನೆಗೆ ಬರೆಯುವ ಪುಟ ಒಂದಿದೆ: ಕೃತಜ್ಞತೆ. ಸೀನಿಯರ್‌ಗಳ ರಿಪೋರ್ಟಿಂದ ಕಾಪಿ ಹೊಡೆದು ಗೈಡ್ ಹೆಸರು ಬದಲಾಯಿಸಿದರೆ ಆಯ್ತು, ಯಾರೂ ಓದಲ್ಲ ಬಿಡು ಅಂತ. ನಿಜವಾಗ್ಲೂ ಯಾರೂ ಓದಲ್ವಾ? ಒಂದು ಪತ್ತೇದಾರಿ ಕಾದಂಬರಿಯ ಆ ಪುಟವನ್ನು ಜನ ನೂರಿಪ್ಪತ್ತು ವರ್ಷದಿಂದ ಓದುತ್ತಲೇ ಇದ್ದಾರೆ. ಆ ಕಾದಂಬರಿಯ ಹೆಸರು ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’.

ಕಥೆ ಹುಟ್ಟಿದ ಕಥೆ

ಆರ್ಥರ್ ಕಾನನ್ ಡಾಯ್ಲ್ 1893ರಲ್ಲೇ ಶೆರ್ಲಾಕ್ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ಜಲಪಾತವೊಂದರಲ್ಲಿ ‘ಮುಗಿಸಿದ್ದರು’. ಓದುಗರು ಎಷ್ಟು ಗೋಗರೆದರೂ ವರ್ಷಗಟ್ಟಲೆ ಜಗ್ಗಲಿಲ್ಲ. 1901ರಲ್ಲಿ ಅವರು ಇಂಗ್ಲೆಂಡಿನ ಕ್ರೋಮರ್ ಎಂಬ ಕಡಲ ಊರಿಗೆ ಹೋದಾಗ, ಜೊತೆಗಿದ್ದ ಪತ್ರಕರ್ತ ಗೆಳೆಯ ಬರ್ಟ್ರಮ್ ಫ್ಲೆಚರ್ ರಾಬಿನ್ಸನ್ ದೆವ್ವದ ನಾಯಿಯ ಒಂದು ದಂತಕಥೆ ಹೇಳಿದರು. ಆಮೇಲೆ ಡಾಯ್ಲ್ ರಾಬಿನ್ಸನ್ ಅವರ ಸೀಮೆಯಾದ ಡಾರ್ಟ್‌ಮೂರ್ ಬಯಲನ್ನೂ ಸುತ್ತಿ ಬಂದರು. ರಾಬಿನ್ಸನ್ ಮನೆಯ ಕುದುರೆಗಾಡಿ ಓಡಿಸುತ್ತಿದ್ದವನ ಅಡ್ಡಹೆಸರು ಏನು ಗೊತ್ತಾ? ಬಾಸ್ಕರ್‌ವಿಲ್!

‘ಸ್ಟ್ರಾಂಡ್’ ಮಾಸಪತ್ರಿಕೆಯಲ್ಲಿ 1901ರ ಆಗಸ್ಟ್‌ನಿಂದ 1902ರ ಏಪ್ರಿಲ್‌ವರೆಗೆ ಇದು ಒಂಬತ್ತು ಕಂತುಗಳಲ್ಲಿ ಬಂತು. ಹೋಮ್ಸ್ ಸಾಯುವ ಮೊದಲು ನಡೆದ ಪ್ರಕರಣ ಅನ್ನುವಂತೆ ಡಾಯ್ಲ್ ಇದನ್ನು ಬರೆದರು.

ಒಂದೇ ಋಣ, ನಾಲ್ಕು ಪಾಠ

ಈಗ ಮುದ್ರಣಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

1. ಪತ್ರಿಕೆಯ ಮೊದಲ ಕಂತು, 1901: ಕಥೆ ಹುಟ್ಟಿದ್ದೇ ರಾಬಿನ್ಸನ್‌ರಿಂದ, ಒಟ್ಟು ಕಥಾಹಂದರಕ್ಕೂ ಸ್ಥಳದ ವಿವರಗಳಿಗೂ ಅವರ ನೆರವಿದೆ ಎಂದು ಡಾಯ್ಲ್ ಅಡಿಟಿಪ್ಪಣಿ ಹಾಕಿದರು.
2. ಲಂಡನ್ನಿನ ಪುಸ್ತಕ, 1902: ಅಡಿಟಿಪ್ಪಣಿ ಹೋಗಿ ರಾಬಿನ್ಸನ್‌ಗೆ ಬರೆದ ಪುಟ್ಟ ಪತ್ರ ಬಂತು. ದಂತಕಥೆಗೆ, ವಿವರಗಳಿಗೆ ಥ್ಯಾಂಕ್ಸ್ ಇದೆ. ‘ಕಥಾಹಂದರ’ ಇಲ್ಲ.
3. ಅಮೆರಿಕದ ಪುಸ್ತಕ, 1902: ಪತ್ರವೇ, ಆದರೆ ಮಾತು ಬೇರೆ. ಇಲ್ಲಿ ಕಥೆ ಬೆಳೆದ ಬಗೆಯಲ್ಲಿ ಸಿಕ್ಕ ಸಹಾಯಕ್ಕೆ ವಂದನೆ.
4. ಹೋಮ್ಸ್ ಕಾದಂಬರಿಗಳ ಸಂಪುಟ, 1929: ಮುನ್ನುಡಿಯಲ್ಲಿ ರಾಬಿನ್ಸನ್ ಹೇಳಿದ ನಾಯಿಯ ಸುದ್ದಿ ಇದೆ, ಆದರೆ ಕಥಾಹಂದರವೂ ಪ್ರತಿಯೊಂದು ಪದವೂ ತನ್ನದೇ ಎಂದು ಡಾಯ್ಲ್ ಸೇರಿಸಿದರು.

ರಾಬಿನ್ಸನ್ 1907ರಲ್ಲೇ, 36ನೇ ವಯಸ್ಸಿಗೇ ತೀರಿಕೊಂಡಿದ್ದರು. ಉತ್ತರ ಕೊಡೋಕೆ ಅವರಿರಲಿಲ್ಲ.

ಸಂಗ್ರಾಹಕರು ಏನು ಹುಡುಕ್ತಾರೆ?

1902ರ ಲಂಡನ್ ಆವೃತ್ತಿಯ ಪ್ರಕಾಶಕರು ಜಾರ್ಜ್ ನ್ಯೂನ್ಸ್. ಕೆಂಪು ಬಟ್ಟೆಯ ರಟ್ಟು, ಅದರ ಮೇಲೆ ಚಿನ್ನದ ಬಣ್ಣದ ಅಲಂಕಾರ, ಒಳಗೆ ಸಿಡ್ನಿ ಪ್ಯಾಜೆಟ್ ಅವರ 16 ಚಿತ್ರಗಳು. ಪರಿಣತರು ಮೊದಲು ತೆರೆಯೋದು 13ನೇ ಪುಟದ ಮೂರನೇ ಸಾಲನ್ನು. ಅಲ್ಲಿ ‘ಯುವರ್’ ಇರಬೇಕಾದ ಕಡೆ ‘ಯೂ’ ಅಂತ ಅಚ್ಚಾಗಿದ್ದರೆ ಅದು ಮೊದಲ ಅಚ್ಚಿನ ಗುರುತು. ನಮ್ಮ ಭಾಷೇಲಿ ಹೇಳೋದಾದ್ರೆ, ಸಾಫ್ಟ್‌ವೇರ್‌ನ ಹಳೆ ವರ್ಷನ್ನನ್ನು ಅದರ ಬಗ್‌ನಿಂದಲೇ ಪತ್ತೆ ಹಚ್ಚಿದ ಹಾಗೆ. ಮೇಲುಹೊದಿಕೆ ಉಳಿದ ಪ್ರತಿ ಸಿಗೋದಂತೂ ತೀರಾ ಅಪರೂಪ.

ಹಸ್ತಪ್ರತಿಯ ಗತಿ ಇನ್ನೂ ವಿಚಿತ್ರ. ಅಮೆರಿಕದ ಪ್ರಕಾಶಕರು ಅದನ್ನು ಬಿಡಿಬಿಡಿಯಾಗಿಸಿ, ಜಾಹೀರಾತಿಗೆಂದು ಪುಸ್ತಕದಂಗಡಿಗಳಿಗೆ ಹಾಳೆ ಹಾಳೆಯಾಗಿ ಹಂಚಿಬಿಟ್ಟರು. ಬಹುಪಾಲು ಕಳೆದೇ ಹೋಯಿತು. ಹನ್ನೊಂದನೇ ಅಧ್ಯಾಯ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿದೆ. ಉಳಿದಿರುವ ಹಾಳೆಗಳಲ್ಲಿರುವುದು ಡಾಯ್ಲ್ ಕೈಬರಹ.

ನಾವು ಕಲಿಯೋದೇನು?

ಹಾಗಾದರೆ ಡಾಯ್ಲ್ ಕಥೆ ಕದ್ದರಾ? ಹಾಗೆ ಹೇಳೋಕೆ ಸಾಕ್ಷಿ ಸಾಲದು. ಕೈಬರಹ ಅವರ ಪರವಾಗಿಯೇ ಇದೆ. ಆದರೆ ಬರೆಯೋದು ಒಂದು, ಕಥೆ ಕಟ್ಟೋಕೆ ನೆರವಾಗೋದು ಇನ್ನೊಂದು. ಆ ಎರಡನೆಯ ಕೆಲಸದ ಲೆಕ್ಕ 1901ರ ಅಡಿಟಿಪ್ಪಣಿಯಲ್ಲಿ ಮಾತ್ರ ನೇರವಾಗಿ ಉಳಿದಿದೆ. 1929ರ ಸಂಪುಟ ಒಂದೇ ನಮ್ಮ ಕೈಗೆ ಸಿಕ್ಕಿದ್ದರೆ ಆ ಮಾತು ಗೊತ್ತೇ ಆಗುತ್ತಿರಲಿಲ್ಲ. ಹಳೆ ಆವೃತ್ತಿಯ ನಿಜವಾದ ಬೆಲೆ ಇದೇ ಅಂತ ನಮಗನ್ನಿಸುತ್ತೆ. ಚಿನ್ನದ ಬಣ್ಣ ಆಮೇಲಿನ ಮಾತು.

ಈ ವಾರ ಲೈಬ್ರರಿಗೆ ಹೋದಾಗ ಈ ಕಾದಂಬರಿಯ ಯಾವುದೇ ಪ್ರತಿ ಸಿಕ್ಕಿದರೂ ಮೊದಲ ಪುಟಗಳನ್ನು ತಿರುವಿ ನೋಡಿ: ರಾಬಿನ್ಸನ್‌ಗೆ ಬರೆದ ಪತ್ರ ಇದೆಯಾ, ಇಲ್ವಾ? ಆಮೇಲೆ ನಿಮ್ಮ ರಿಪೋರ್ಟಿನ ಆ ಪುಟಕ್ಕೆ ಬನ್ನಿ. ‘ಸಹಕರಿಸಿದ ಎಲ್ಲರಿಗೂ’ ಅಂತ ಕೈತೊಳೆದುಕೊಳ್ಳಬೇಡಿ. ಸರ್ಕ್ಯೂಟ್ ಯಾರ ಐಡಿಯಾ, ಕೋಡ್ ಯಾರು ಸರಿಮಾಡಿದ್ದು, ಹೆಸರು ಹಾಕಿ ಬರೆಯಿರಿ. ಮುಂದೆ ನಿಮ್ಮ ನೆನಪು ಬದಲಾದರೂ ಆ ಸಾಲು ಬದಲಾಗಲ್ಲ.