ಮೊಣಕೈಯನ್ನು ಯಾರ ಕೈಗೆ ಕೊಡುವುದು?

ಮೊಣಕೈಗೆ ಪೆಟ್ಟಾದರೆ ದಯವಿಟ್ಟು ಎಣ್ಣೆ ಹಚ್ಚಿ ನೀವಿಸಿಕೊಳ್ಳಬೇಡಿ. ಕೊಯಮತ್ತೂರಿನ ಸುತ್ತಲಿನ ಸೋಮನೂರು, ಪಲ್ಲಡಂ ಕಡೆಯ ಪವರ್‌ಲೂಮ್ ಶೆಡ್ಡುಗಳಲ್ಲಿ ದುಡಿಯುವ, ಮನೆಯಲ್ಲಿ ಕನ್ನಡ ಆಡುವ ನಮ್ಮ ದೇವಾಂಗ ಜನಕ್ಕೆ ನಾನು ಮೊದಲು ಹೇಳುವ ಮಾತು ಇದು. ಹಿಡಿದ ಸೊಂಟವನ್ನು ನೀವಿಸಿಕೊಂಡು ಹಾಯೆನಿಸಿದ್ದು ಎಲ್ಲರಿಗೂ ನೆನಪಿರುತ್ತದೆ. ಆದರೆ ಮೊಣಕೈಯ ಸ್ವಭಾವವೇ ಬೇರೆ. ಏಟು ತಿಂದ ಮೊಣಕೈಯನ್ನು ಒತ್ತಿ ತಿಕ್ಕಿ, ಬಲವಂತವಾಗಿ ಮಡಿಸಿದರೆ ಅದರ ಮುಂದಿನ ಸ್ನಾಯುವಿನೊಳಗೇ ಹೊಸದಾಗಿ ಮೂಳೆ ಬೆಳೆದುಬಿಡಬಹುದು. ವೈದ್ಯರು ಅದನ್ನು ಮಯೋಸೈಟಿಸ್ ಆಸಿಫಿಕನ್ಸ್ ಎನ್ನುತ್ತಾರೆ. ನಮ್ಮ ಬೀದಿಯ ಹಿರಿಯರೊಬ್ಬರ ಬಲಗೈ ಹಾಗೇ ಅರ್ಧಕ್ಕೆ ನಿಂತುಹೋಗಿದೆ. ಅವರು ಊಟ ಮಾಡುವುದು ಎಡಗೈಯಲ್ಲಿ.

ಪಲ್ಲಡಂ ರಸ್ತೆಯಲ್ಲಿ ಬೈಕಿನಿಂದ ಬಿದ್ದಾಗ ನನ್ನ ಬಲಮೊಣಕೈಯ ಕೀಲು ತಪ್ಪಿತ್ತು. ಆಸ್ಪತ್ರೆಯಲ್ಲಿ ಕೀಲು ಕೂಡಿಸಿ ಪ್ಲಾಸ್ಟರ್ ಹಾಕಿದರು. ಕಷ್ಟ ಶುರುವಾದದ್ದು ಅದನ್ನು ಬಿಚ್ಚಿದ ಮೇಲೆ. ಕೈ ಮಡಿಯದು, ಚಾಚದು. ಇನ್ನು ಯಾರ ಹತ್ತಿರ ಹೋಗುವುದು ಎಂದು ಮನೆಯಲ್ಲಿ ಎಲ್ಲರದೂ ಒಂದೊಂದು ಸಲಹೆ.

ಕೊಯಮತ್ತೂರಿನಲ್ಲಿ ಆಯ್ಕೆಗೆ ಬರವಿಲ್ಲ. 1978ರಲ್ಲಿ ಶುರುವಾಗಿ, ಮೂಳೆ ಮತ್ತು ಕೈ ಶಸ್ತ್ರಚಿಕಿತ್ಸೆಗೆ ಹೊರದೇಶದವರೂ ಹುಡುಕಿಕೊಂಡು ಬರುವ ಗಂಗಾ ಆಸ್ಪತ್ರೆ ಇರುವುದು ಇದೇ ಊರಿನಲ್ಲಿ. ನಾಟಿ ಪದ್ಧತಿಯಲ್ಲಿ ಮೂಳೆ ಕಟ್ಟುವ ಪುತ್ತೂರು ಕಟ್ಟು, ಸಿದ್ಧವೈದ್ಯದ ವರ್ಮ ಎಂಬ ಮರ್ಮಚಿಕಿತ್ಸೆ, ಫಿಸಿಯೋಥೆರಪಿ, ಆಸ್ಟಿಯೋಪಥಿ ಎಂಬ ಬೋರ್ಡುಗಳೂ ಇಲ್ಲೇ ಸಿಗುತ್ತವೆ. ಆಸ್ಟಿಯೋಪಥಿ ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯ 1874ರಲ್ಲಿ ಆರಂಭಿಸಿದ ಪದ್ಧತಿ. ಬ್ರಿಟನ್‌ನಲ್ಲಿ 1993ರ ಕಾಯ್ದೆಯ ಪ್ರಕಾರ ನೋಂದಣಿ ಆಗದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ. ನಮ್ಮಲ್ಲಿ ಅಷ್ಟು ಬಿಗಿಯಿಲ್ಲ. ಬೋರ್ಡಿನ ಹಿಂದೆ ಫಿಸಿಯೋಥೆರಪಿ ಪದವಿ ಓದಿ, ಮೇಲೆ ಇದನ್ನೂ ಕಲಿತವರು ಇರಬಹುದು. ಬರೀ ಚಿಕ್ಕದೊಂದು ಕೋರ್ಸು ಮುಗಿಸಿದವರೂ ಇರಬಹುದು. ಹಾಗಾಗಿ ಮೂಲ ಓದು ಏನು ಎಂದು ಕೇಳಲೇಬೇಕು. ಅದರಲ್ಲಿ ಸಂಕೋಚವೇನೂ ಬೇಡ.

ನಾನು ಮೊದಲು ಹೋದ ಕಡೆ ಎಕ್ಸ್‌ರೇಯ ಲಕೋಟೆಯನ್ನು ಬಿಚ್ಚಿಯೂ ನೋಡಲಿಲ್ಲ. ‘ಮೂರೇ ಸಿಟ್ಟಿಂಗ್, ಟಕ್ ಅಂತ ಕೂತ್ಕೊಳ್ಳುತ್ತೆ’ ಎಂದರು. ಕೀಲಿನಲ್ಲಿ ಬರುವ ಆ ಟಕ್ ಸದ್ದು ಕೀಲುದ್ರವದಲ್ಲಿ ಗಾಳಿಗುಳ್ಳೆ ಏಳುವುದರಿಂದ ಬರುವಂಥದ್ದು. ಮೂಳೆ ಜಾಗಕ್ಕೆ ಕೂತಿತೆಂಬುದಕ್ಕೆ ಅದು ಸಾಕ್ಷಿಯಲ್ಲ. ಕೈ ಕೊಡದೆ ಎದ್ದು ಬಂದೆ.

ಆಮೇಲೆ ಸಿಕ್ಕ ಫಿಸಿಯೋಥೆರಪಿಸ್ಟ್ ಸಣ್ಣ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು, ಡಿಸ್ಚಾರ್ಜ್ ಕಾಗದ ಪೂರ್ತಿ ಓದಿದರು, ಕೀಲು ಕೂಡಿಸಿದ ಡಾಕ್ಟರಿಗೆ ಫೋನ್ ಮಾಡಿ ಎಷ್ಟರ ಮಟ್ಟಿಗೆ ಮಡಿಸಬಹುದು ಎಂದು ವಿಚಾರಿಸಿದರು. ಆಮೇಲೆ ಎರಡು ಪ್ಲಾಸ್ಟಿಕ್ ಪಟ್ಟಿಗಳ ನಡುವೆ ಡಿಗ್ರಿ ಗುರುತಿರುವ ಗೋನಿಯೋಮೀಟರ್ ತೆಗೆದು, ಒಂದು ಪಟ್ಟಿಯನ್ನು ತೋಳಿನ ಉದ್ದಕ್ಕೆ, ಇನ್ನೊಂದನ್ನು ಮುಂಗೈ ಉದ್ದಕ್ಕೆ ಇಟ್ಟು ಅಳೆದರು. ಅಳತೆಯನ್ನು ತಾರೀಖು ಹಾಕಿ ಬರೆದುಕೊಂಡರು. ‘ಅಣ್ಣಾ, ಈ ಕೈಯಲ್ಲಿ ನಿಮಗೆ ಏನೇನು ಕೆಲಸ ಆಗಬೇಕು?’ ಎಂದು ಕೇಳಿದರು. ಲಾಳಿಗೆ ಕಂಡಿಕೆ ಹಾಕಬೇಕು, ಕಡಿದ ನೂಲಿಗೆ ಗಂಟು ಹಾಕಬೇಕು, ತುತ್ತು ಬಾಯಿಗೆ ಹೋಗಬೇಕು ಎಂದೆ. ದಿನದ ಹೆಚ್ಚಿನ ಕೆಲಸಕ್ಕೆ 30ರಿಂದ 130 ಡಿಗ್ರಿಯೊಳಗೆ ಮೊಣಕೈ ಆಡಿದರೆ ಸಾಕು, ಅಷ್ಟನ್ನು ಮೊದಲು ಗಳಿಸೋಣ ಎಂದರು.

ಅವರು ನನ್ನ ಕೈಯನ್ನು ಎಳೆಯಲೇ ಇಲ್ಲ. ‘ನೀವೇ ಮಡಿಸಬೇಕು ಅಣ್ಣಾ’ ಎನ್ನುತ್ತಿದ್ದರು. ಬಿಸಿ ಶಾಖ ಕೊಟ್ಟು, ಮೇಜಿನ ಮೇಲೆ ತೋಳು ಊರಿಸಿ, ನಾನೇ ಮಡಿಸಿ ಚಾಚುವಂತೆ ಮಾಡಿಸುತ್ತಿದ್ದರು. ಅದನ್ನೇ ಮನೆಯಲ್ಲಿ ದಿನಕ್ಕೆ ಹಲವು ಸಲ ಮಾಡಬೇಕಿತ್ತು. ಮರುದಿನ ಬೆಳಿಗ್ಗೆ ಊತ ಏರಿದ್ದರೆ ಹಿಂದಿನ ದಿನ ಅತಿಯಾಯಿತು ಎಂದು ತಿಳಿದು ಕಡಿಮೆ ಮಾಡಬೇಕಿತ್ತು. ನಿಧಾನವೇ ಸರಿ. ವಾರ ಕಳೆದಂತೆ ಹಾಳೆಯಲ್ಲಿ ಅಂಕಿ ಏರುವುದು ಕಂಡಾಗ ಬಂದ ಧೈರ್ಯ ಯಾವ ಆಶ್ವಾಸನೆಯಿಂದಲೂ ಬಂದಿರಲಿಲ್ಲ.

ಮೂಳೆ ಕಟ್ಟುವವರ ಬಳಿ ಜನ ಹೋಗುವುದು ಮೌಢ್ಯದಿಂದ ಎಂದು ನಾನು ಹೇಳಲಾರೆ. ಹತ್ತಿರ, ಅಗ್ಗ, ಅಡ್ಮಿಷನ್ ಇಲ್ಲ, ಕೂಲಿ ತಪ್ಪುವುದಿಲ್ಲ. ಆದರೆ ಇಎಸ್‌ಐ ಕಾರ್ಡಿರುವ ಗಿರಣಿ, ಬನಿಯನ್ ಕಂಪನಿಯ ಕೆಲಸಗಾರರಿಗೆ ಸಿಂಗಾನಲ್ಲೂರಿನ ಇಎಸ್‌ಐ ಆಸ್ಪತ್ರೆ ಇದೆ. ತಮಿಳುನಾಡು ಸರ್ಕಾರ 2021ರಲ್ಲಿ ಶುರು ಮಾಡಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಓಡಾಡಲಾಗದವರ ಮನೆಗೇ ಫಿಸಿಯೋಥೆರಪಿಸ್ಟ್ ಬರುತ್ತಾರೆ. ಇದು ನಮ್ಮ ಬೀದಿಯಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇನ್ನೊಂದು ಮಾತು: ಕಟ್ಟು ಯಾರೇ ಹಾಕಿರಲಿ, ಬೆರಳು ಊದಿ, ಜೋಮು ಹಿಡಿದು, ಬಣ್ಣ ತಿರುಗಿದರೆ ಬೆಳಗಾಗುವ ತನಕ ಕಾಯಬೇಡಿ. ಕಟ್ಟು ಸಡಿಲಿಸಿ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಿ. ಬಿಗಿಕಟ್ಟಿನಿಂದ ರಕ್ತ ನಿಂತು ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು.

ನನ್ನ ಕೈ ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ, ಸ್ವಲ್ಪ ಬಾಗಿಯೇ ಇರುತ್ತದೆ. ಇನ್ನೂ ಬರುತ್ತೇನೆ ಎಂದಾಗ ಆ ತಂಗಿ ಹಾಳೆ ತೋರಿಸಿ, ಅಂಕಿ ಏರುವುದು ನಿಂತಿದೆ, ನಿಮ್ಮ ಕೆಲಸಕ್ಕೆ ಇಷ್ಟು ಸಾಕು, ಇನ್ನು ಇಲ್ಲಿ ದುಡ್ಡು ಕೊಡಬೇಡಿ ಎಂದರು. ಮರುವಾರದಿಂದ ಶೆಡ್ಡಿಗೆ ಹೋದೆ.