ಪಠ್ಯಸಂಗ್ರಹ ಮತ್ತು ತಂತ್ರಾಂಶದ ವಿನ್ಯಾಸಭೇದ

ಮದ್ದೂರು ತಾಲ್ಲೂಕಿನ ಆತಕೂರು ಶಾಸನ (ಕ್ರಿ.ಶ. 949-50), ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಪರಂಪರೆಯ ಕಾವ್ಯ ಮುಂತಾಗಿ ಮಂಡ್ಯ ಸೀಮೆಯ ಪಠ್ಯಗಳನ್ನು ಹಳೆಯ ತಂತ್ರಾಂಶದಲ್ಲಿ ಸಂಗ್ರಹಿಸಿಟ್ಟ ಸಂಶೋಧಕನಿಗೆ ಹೊಸ ಗಣಕದಲ್ಲಿ ಎದುರಾಗುವ ತೊಡಕು ಅಕ್ಷರವಿನ್ಯಾಸದ್ದಷ್ಟೇ ಅಲ್ಲ. 64 ಬಿಟ್‌ನ ತಂತ್ರಾಂಶವು 32 ಬಿಟ್‌ನ ಡಿಎಲ್ಎಲ್ ಕಡತವನ್ನು ತನ್ನೊಳಗೆ ತುಂಬಿಕೊಳ್ಳಲಾರದು. ಆಗ ವಿಂಡೋಸ್ 193 ಸಂಖ್ಯೆಯ ದೋಷವನ್ನು ಸೂಚಿಸುತ್ತದೆ. ಕಡತವೇ ಕೆಟ್ಟಿದೆಯೆಂದು ಅಳಿಸಿಬಿಡುವುದು ಅವಸರದ ನಿರ್ಣಯ. ‘ಲೈಬ್ರರಿ’ಯನ್ನು ಗ್ರಂಥಾಲಯವೆಂದು ಅನುವಾದಿಸುವುದೂ ಇಲ್ಲಿ ದಾರಿತಪ್ಪಿಸುತ್ತದೆ, ಅದು ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಕ್ರಮವಿಧಿಗಳ ಕಟ್ಟು. ಹೆಸರುಗಳೂ ನಂಬಲರ್ಹವಲ್ಲ: 64 ಬಿಟ್ ವಿಂಡೋಸ್‌ನ ‘ಸಿಸ್ಟಮ್32’ರಲ್ಲಿರುವುದು 64 ಬಿಟ್‌ನ ಕಡತಗಳು, ‘ಸಿಸ್‌ವೌ64’ರಲ್ಲಿರುವುದು 32ರವು! ಆದ್ದರಿಂದ ತಂತ್ರಾಂಶ, ಡಿಎಲ್ಎಲ್ ಎರಡರ ವಿನ್ಯಾಸವನ್ನು ಮೊದಲು ತಾಳೆನೋಡಬೇಕು. 32 ಬಿಟ್‌ನ ತಂತ್ರಾಂಶವನ್ನು ಪ್ರತ್ಯೇಕವಾಗಿ ನಡೆಸಲು 64 ಬಿಟ್ ವಿಂಡೋಸ್‌ನಲ್ಲಿ ಅವಕಾಶವಿರುವುದರಿಂದ ಅದರ ಮೂಲ ಆವೃತ್ತಿಯನ್ನೇ ಸ್ಥಾಪಿಸಿ, ಕಡತ ತೆರೆದೊಡನೆ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಯುಕ್ತ.