ಗಣಕಕ್ಕೊಂದು ಮೂಲಪ್ರತಿ

ಹಸ್ತಪ್ರತಿಗಳ ಸಂಪಾದನೆಯಲ್ಲಿ ಪಳಗಿದವರಿಗೆ ಪಾಠಾಂತರವೆಂಬುದು ಅಪರಿಚಿತವಲ್ಲ. ಒಂದೇ ಕೃತಿಯನ್ನು ಹತ್ತು ಮಂದಿ ಲಿಪಿಕಾರರು ಹತ್ತು ಊರುಗಳಲ್ಲಿ ಪ್ರತಿಮಾಡಿದಾಗ ಒಬ್ಬನು ಅಕ್ಷರವನ್ನು ಬಿಡುತ್ತಾನೆ, ಮತ್ತೊಬ್ಬನು ತನಗೆ ರೂಢಿಯಾದ ಪದವನ್ನು ಸೇರಿಸುತ್ತಾನೆ, ಮಗದೊಬ್ಬನು ಸಾಲನ್ನೇ ಹಾರಿಸುತ್ತಾನೆ. ಕಾಲಾನಂತರದಲ್ಲಿ ಹತ್ತು ಪ್ರತಿಗಳೂ ಹತ್ತು ಬಗೆಯಾಗಿ ನಿಲ್ಲುತ್ತವೆ. ಕವಿಯ ಮಾತು ಯಾವುದು, ಲಿಪಿಕಾರನ ಮಾತು ಯಾವುದು ಎಂದು ನಿರ್ಣಯಿಸುವುದೇ ಸಂಪಾದಕನ ಹೊಣೆಯಾಗುತ್ತದೆ. ಹಸ್ತಪ್ರತಿಗಳಲ್ಲಿ ಶತಮಾನಗಳಲ್ಲಿ ಆಗುವ ಈ ವ್ಯತ್ಯಾಸ ಶಾಲೆಯ ಗಣಕಕೊಠಡಿಯಲ್ಲಿ ಒಂದೇ ವರ್ಷದಲ್ಲಿ ಆಗಿಬಿಡುತ್ತದೆ.

ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಒಳಹಳ್ಳಿಯ ಶಾಲೆಯೊಂದಕ್ಕೆ ದಾನಿಗಳು ಹತ್ತು ಗಣಕಗಳನ್ನು ಕೊಟ್ಟರೆಂದು ಭಾವಿಸಬಹುದು. ಬಲ್ಲ ಉಪಾಧ್ಯಾಯರೊಬ್ಬರು ರಜೆಯ ದಿನಗಳನ್ನು ವ್ಯಯಿಸಿ, ಕನ್ನಡ ಅಕ್ಷರರೂಪಗಳನ್ನೂ ಕೀಲಿಮಣೆಯನ್ನೂ ಪಾಠದ ತಂತ್ರಾಂಶಗಳನ್ನೂ ಹತ್ತರಲ್ಲಿಯೂ ಅಳವಡಿಸುತ್ತಾರೆ. ವರ್ಷಾಂತ್ಯದ ವೇಳೆಗೆ ಒಂದರಲ್ಲಿ ಅಕ್ಷರರೂಪ ಮಾಯವಾಗಿರುತ್ತದೆ. ಇನ್ನೊಂದರಲ್ಲಿ ಕೀಲಿಮಣೆ ಬದಲಾಗಿರುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಟಂಕಿಸಲು ಕಲಿತ ಬಾಲಕಿ ಮರುದಿನ ಪಕ್ಕದ ಗಣಕದ ಮುಂದೆ ಕುಳಿತು ‘ಕ’ಕಾರಕ್ಕೆ ಬದಲಾಗಿ ಬೇರೊಂದು ಅಕ್ಷರ ಮೂಡುವುದನ್ನು ಕಂಡು, ತಾನು ಕಲಿತದ್ದನ್ನೇ ಮರೆತೆನೆಂದು ಕೈಚೆಲ್ಲುತ್ತಾಳೆ. ಅಷ್ಟರಲ್ಲಿ ಆ ಉಪಾಧ್ಯಾಯರು ಬೇರೆ ಊರಿಗೆ ಹೋಗಿರುತ್ತಾರೆ. ಅವರೊಡನೆ ಕೊಠಡಿಯ ಜ್ಞಾನವೂ ಹೊರಟುಹೋಗುತ್ತದೆ. ಯಂತ್ರ ಉಳಿದು ವಿದ್ಯೆ ಅಳಿಯುವ ಈ ನಷ್ಟಕ್ಕೆ ಪರಿಹಾರವಾಗಿ ಬಂದುದೇ ಸಂರಚನಾ ನಿರ್ವಹಣೆ, ಅಂದರೆ ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್ ಎಂಬ ಕ್ರಮ.

ಇದರ ತತ್ತ್ವ ಸರಳವಾದುದು. ಗಣಕವು ಹೇಗಿರಬೇಕೆಂಬುದನ್ನು ಒಂದು ಕಡತದಲ್ಲಿ ಬರೆದಿಡುವುದು. ಆ ಕಡತವನ್ನು ಮೂಲಪ್ರತಿಯೆಂದು ಪರಿಗಣಿಸಿ, ಉಪಕರಣವೊಂದರ ಮೂಲಕ ಗಣಕದ ಈಗಿನ ಸ್ಥಿತಿಯನ್ನು ಅದರೊಡನೆ ಹೋಲಿಸಿ, ವ್ಯತ್ಯಾಸವಿದ್ದೆಡೆ ಮಾತ್ರ ತಿದ್ದುವುದು. 1993ರಲ್ಲಿ ಮಾರ್ಕ್ ಬರ್ಜೆಸ್ ಎಂಬ ವಿದ್ವಾಂಸರು ನಾರ್ವೆಯ ಆಸ್ಲೋದಲ್ಲಿ ‘ಸಿಎಫ್‌ಎಂಜಿನ್’ ಎಂಬ ಉಪಕರಣದಿಂದ ಈ ಮಾರ್ಗವನ್ನು ತೆರೆದರು. ಅನಂತರ 2005ರಲ್ಲಿ ‘ಪಪೆಟ್’, 2009ರಲ್ಲಿ ‘ಶೆಫ್’, 2011ರಲ್ಲಿ ‘ಸಾಲ್ಟ್’, 2012ರಲ್ಲಿ ಮೈಕೆಲ್ ಡಿಹಾನ್ ರಚಿಸಿದ ‘ಆನ್ಸಿಬಲ್’ ಬಂದವು.

ನಿಯಮಗಳನ್ನು ಬರೆದಿಟ್ಟು ಅವುಗಳಿಂದ ಫಲವನ್ನು ಪಡೆಯುವ ಈ ಪದ್ಧತಿ ಚಿತ್ರದುರ್ಗ ಸೀಮೆಗೆ ಹೊಸತೆನಿಸಬೇಕಿಲ್ಲ. ಪಾಣಿನಿಯ ಸೂತ್ರಗಳನ್ನು ಗಣಕದಲ್ಲಿ ಅಳವಡಿಸಿದ ‘ಗಣಕಾಷ್ಟಾಧ್ಯಾಯಿ’ ತಂತ್ರಾಂಶವು ಸಿರಿಗೆರೆಯ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರ ಪರಿಶ್ರಮದ ಫಲ. ಮಠದ ಪರಂಪರೆ ಮತ್ತು ಗಣಕವಿದ್ಯೆ ಪರಸ್ಪರ ದೂರವಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಇಲ್ಲಿ ವ್ಯಾಕರಣದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಬಾಗಿಲನ್ನು ಮುಚ್ಚು’ ಎಂಬುದು ಕ್ರಿಯೆಯ ಆಜ್ಞೆ. ‘ಬಾಗಿಲು ಮುಚ್ಚಿರಲಿ’ ಎಂಬುದು ಸ್ಥಿತಿಯ ವಿಧಿ. ಮೊದಲನೆಯದನ್ನು ಹತ್ತು ಬಾರಿ ಹೇಳಿದರೆ ಅವಿವೇಕಿಯಾದ ಸೇವಕನು ಮುಚ್ಚಿದ ಬಾಗಿಲನ್ನು ಹತ್ತು ಬಾರಿ ತಳ್ಳುತ್ತಾನೆ. ಎರಡನೆಯದನ್ನು ಎಷ್ಟು ಬಾರಿ ಹೇಳಿದರೂ, ಬಾಗಿಲು ತೆರೆದಿದ್ದರೆ ಮಾತ್ರ ಕೈ ಅಲ್ಲಿಗೆ ಹೋಗುತ್ತದೆ. ಸಂರಚನೆಯ ಕಡತವು ಈ ಎರಡನೆಯ ಬಗೆಯ ಭಾಷೆಯಲ್ಲಿ ರಚಿತವಾಗುತ್ತದೆ: ಇಂಥ ಅಕ್ಷರರೂಪ ಇರಲಿ, ಇಂಥ ತಂತ್ರಾಂಶ ಇಲ್ಲದಿರಲಿ, ಇಂಥ ಸೇವೆ ನಡೆಯುತ್ತಿರಲಿ. ಎಷ್ಟು ಸಲ ಪ್ರಯೋಗಿಸಿದರೂ ಫಲ ಬದಲಾಗದ ಈ ಗುಣಕ್ಕೆ ಶಾಸ್ತ್ರಜ್ಞರು ‘ಐಡೆಂಪೊಟೆನ್ಸ್’ ಎಂಬ ಹೆಸರಿಟ್ಟಿದ್ದಾರೆ.

ದೊಡ್ಡ ಸಂಸ್ಥೆಗಳಲ್ಲಿ ಇಂಥ ಉಪಕರಣಗಳು ಒಂದು ಕೇಂದ್ರಯಂತ್ರದಿಂದ ನೂರಾರು ಯಂತ್ರಗಳನ್ನು ಜಾಲದ ಮೂಲಕ ಆಳುತ್ತವೆ. ಚಿಕ್ಕ ಶಾಲೆಗೆ ಅದು ಅನಿವಾರ್ಯವಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು ಮಹತ್ತರವಾದ ನಿರ್ಮಾಣ. ಆದರೆ 1933ರಲ್ಲಿ ತುಂಬಿದ ಅದು ಮತ್ತೆ ಕೋಡಿ ಹರಿದುದು 2022ರಲ್ಲಿ. ಚಿತ್ರದುರ್ಗದ ಕೋಟೆಯೊಳಗಿನ ಹೊಂಡಗಳಾದರೋ ಚಿಕ್ಕವು. ಆದರೆ ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಅಲ್ಲಿಯೇ ಹಿಡಿದಿಟ್ಟು ಕೋಟೆಯೊಳಗಿನವರಿಗೆ ನೀರುಣಿಸಿದವು. ಜಲಾಶಯವೂ ಬೇಕು, ಹೊಂಡವೂ ಬೇಕು. ಕೇಂದ್ರವನ್ನು ಕಾಯದೆ, ಉಪಕರಣವನ್ನು ಅದೇ ಗಣಕದಲ್ಲಿ ಅದೇ ಗಣಕದ ಮೇಲೆ ಆಜ್ಞಾಸಾಲಿನಿಂದ ನಡೆಸುವುದು ಹೊಂಡದ ಮಾರ್ಗ.

ಆನ್ಸಿಬಲ್ಲನ್ನೇ ನಿದರ್ಶನವಾಗಿ ಇಟ್ಟುಕೊಂಡು ಪ್ರಯೋಗಕ್ರಮವನ್ನು ವಿವರಿಸಬಹುದು. ಇದು ಲಿನಕ್ಸ್ ಮೊದಲಾದ ವ್ಯವಸ್ಥೆಗಳಲ್ಲಿ ನಡೆಯುತ್ತದೆ. ವಿಂಡೋಸ್ ಗಣಕದಲ್ಲಿ ನೇರವಾಗಿ ನಡೆಯದು. ಪೈಥಾನ್ ಭಾಷೆಯ ಆಧಾರವೂ ಇದಕ್ಕೆ ಬೇಕು. ಮೊದಲು ‘ಪ್ಲೇಬುಕ್’ ಎಂಬ ಕಡತವನ್ನು ‘ಯಾಮಲ್’ ಎಂಬ ಬರವಣಿಗೆಯ ಕ್ರಮದಲ್ಲಿ ರಚಿಸಬೇಕು. ಪ್ರತಿ ವಿಧಿಗೂ ಒಂದು ಹೆಸರು, ಅದರ ಕೆಳಗೆ ಅಪೇಕ್ಷಿತ ಸ್ಥಿತಿ: ‘ಗುಬ್ಬಿ’, ‘ನವಿಲು’ ಅಕ್ಷರರೂಪಗಳ ಪೊಟ್ಟಣ ಇರಲಿ; ಕನ್ನಡ ಟಂಕನಕ್ಕೆ ಬೇಕಾದ ‘ಐಬಸ್’ ಇರಲಿ; ‘ಲಿಬ್ರೆ ಆಫೀಸ್’ ಇರಲಿ. ಸಾಲುಗಳ ಒಳಸರಿತವನ್ನು ಖಾಲಿ ಜಾಗಗಳಿಂದಲೇ ಸಾಧಿಸಬೇಕು. ಟ್ಯಾಬ್ ಕೀಲಿಯನ್ನು ಬಳಸಿದರೆ ಕಡತವು ಅಶುದ್ಧವಾಗುತ್ತದೆ.

ಅನಂತರ ಆಜ್ಞಾಸಾಲು. ಇದನ್ನು ರೋಮನ್ ಲಿಪಿಯಲ್ಲಿಯೇ ಟಂಕಿಸಬೇಕು. ಇಲ್ಲಿ ಓದಿನ ಅನುಕೂಲಕ್ಕಾಗಿ ಕನ್ನಡದಲ್ಲಿ ಹೇಳಿದೆ. ಮೊದಲಿಗೆ ‘ಆನ್ಸಿಬಲ್-ಪ್ಲೇಬುಕ್’ ಎಂಬ ಹೆಸರು. ಬಳಿಕ ಅಡ್ಡಗೆರೆಯೊಡನೆ ‘ಐ’, ಅದರ ಮುಂದೆ ‘ಲೋಕಲ್‌ಹೋಸ್ಟ್’ ಎಂದು ಬರೆದು ಒಂದು ಅಲ್ಪವಿರಾಮ. ಬಳಿಕ ಅಡ್ಡಗೆರೆಯೊಡನೆ ‘ಸಿ’, ಅದರ ಮುಂದೆ ‘ಲೋಕಲ್’. ಕೊನೆಗೆ ಕಡತದ ಹೆಸರು. ‘ಲೋಕಲ್‌ಹೋಸ್ಟ್’ ಎಂದರೆ ಈ ಯಂತ್ರವೇ. ಎರಡನೆಯ ‘ಲೋಕಲ್’ ಎಂದರೆ ಜಾಲದ ಮೂಲಕ ಸುತ್ತಿಬರದೆ ನೇರವಾಗಿ ನಡೆಯಲಿ ಎಂದರ್ಥ. ಆ ಅಲ್ಪವಿರಾಮವನ್ನು ಯಾರೂ ಉಪೇಕ್ಷಿಸಬಾರದು. ಅದಿದ್ದರೆ ಉಪಕರಣವು ಅದರ ಹಿಂದಿನ ಪದವನ್ನು ಯಂತ್ರಗಳ ಪಟ್ಟಿಯೆಂದು ತಿಳಿಯುತ್ತದೆ. ಬಿಟ್ಟರೆ ಅದೇ ಹೆಸರಿನ ಕಡತವನ್ನು ಹುಡುಕಲು ಹೊರಡುತ್ತದೆ. ಅರ್ಧಮಾತ್ರೆಯನ್ನೂ ಲೆಕ್ಕಿಸುವ ವೈಯಾಕರಣರಿಗೆ ಇದು ಒಪ್ಪುವ ಶಿಸ್ತೇ ಸರಿ. ತಂತ್ರಾಂಶವನ್ನು ಅಳವಡಿಸಲು ಆಡಳಿತಾಧಿಕಾರ ಬೇಕಾದುದರಿಂದ ಕಡತದಲ್ಲಿ ಅದನ್ನು ಸೂಚಿಸಿ, ಆಜ್ಞೆಗೆ ಅಡ್ಡಗೆರೆಯೊಡನೆ ದೊಡ್ಡಕ್ಷರದ ‘ಕೆ’ಯನ್ನು ಸೇರಿಸಿದರೆ ಗುಪ್ತಪದವನ್ನು ಆಗಲೇ ಕೇಳುತ್ತದೆ. ಗುಪ್ತಪದವನ್ನು ಕಡತದಲ್ಲಿಯೇ ಬರೆದಿಡುವುದು ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ.

ತಿದ್ದುವುದಕ್ಕೆ ಮುನ್ನ ಪಾಠಾಂತರಗಳನ್ನು ಗುರುತಿಸುವುದು ಒಳ್ಳೆಯ ಸಂಪಾದಕನ ಲಕ್ಷಣ. ಆಜ್ಞೆಗೆ ಜೋಡಿ ಅಡ್ಡಗೆರೆಯೊಡನೆ ‘ಚೆಕ್’ ಮತ್ತು ‘ಡಿಫ್’ ಎಂಬ ಪದಗಳನ್ನು ಸೇರಿಸಿದರೆ, ಏನೂ ಬದಲಾಗದೆ, ಏನು ಬದಲಾಗಲಿದೆ ಎಂಬುದು ತೋರುತ್ತದೆ. ಅದನ್ನು ಓದಿ ಮನಸ್ಸಿಗೆ ಒಪ್ಪಿದ ಮೇಲೆ ‘ಚೆಕ್’ ಪದವನ್ನು ತೆಗೆದು ಮತ್ತೆ ನಡೆಸಬೇಕು. ಕೊನೆಯಲ್ಲಿ ಬರುವ ಸಾರಾಂಶದಲ್ಲಿ ಸರಿಯಿದ್ದವು ಎಷ್ಟು, ಬದಲಾದವು ಎಷ್ಟು, ವಿಫಲವಾದವು ಎಷ್ಟು ಎಂಬ ಲೆಕ್ಕವಿರುತ್ತದೆ. ಕೂಡಲೇ ಎರಡನೆಯ ಬಾರಿ ನಡೆಸಿದಾಗ ಬದಲಾದವುಗಳ ಸಂಖ್ಯೆ ಸೊನ್ನೆಯಾಗಿರುವುದು ಕಡತದ ಯೋಗ್ಯತೆಗೆ ಒರೆಗಲ್ಲು. ‘ಶೆಲ್’, ‘ಕಮಾಂಡ್’ ಎಂಬ ವಿಧಗಳಿಂದ ಬರೆದ ವಿಧಿಗಳು ಮಾತ್ರ ಕ್ರಿಯೆಯ ಆಜ್ಞೆಗಳಂತೆ ವರ್ತಿಸಿ ಪ್ರತಿ ಸಲವೂ ನಡೆಯುತ್ತವೆ. ಅನ್ಯಮಾರ್ಗವಿರುವಾಗ ಅವುಗಳನ್ನು ವರ್ಜಿಸುವುದು ಲೇಸು.

ಈ ಮಾರ್ಗಕ್ಕೂ ಮಿತಿಗಳಿವೆ. ಹತ್ತು ಗಣಕಗಳಿದ್ದರೆ ಹತ್ತರ ಮುಂದೆಯೂ ಕುಳಿತು ನಡೆಸಬೇಕು. ಇನ್ನೂ ಇಲ್ಲದ ತಂತ್ರಾಂಶವನ್ನು ತರಲು ಒಮ್ಮೆಯಾದರೂ ಅಂತರಜಾಲ ಬೇಕು, ಇಲ್ಲವೇ ಪೊಟ್ಟಣಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದು ಕಡತದಲ್ಲಿ ಅವುಗಳ ಸ್ಥಾನವನ್ನು ಸೂಚಿಸಬೇಕು. ವಿದ್ಯಾರ್ಥಿಗಳ ಬರಹಗಳನ್ನು ಇದು ಕಾಪಾಡದು. ಅವುಗಳ ಪ್ರತಿಯನ್ನು ಬೇರೆಯಾಗಿ ಇಡಬೇಕು. ಇಷ್ಟನ್ನು ಅರಿತು ನಡೆದರೆ ಸಾಕು. ಪಪೆಟ್, ಶೆಫ್, ಸಾಲ್ಟ್‌ಗಳಲ್ಲಿಯೂ ಇಂಥ ಸ್ಥಳೀಯ ಪ್ರಯೋಗಕ್ಕೆ ಅವಕಾಶವಿದೆ.

ದಾನಿಗಳು ಕೊಟ್ಟ ಗಣಕ ಕಣ್ಣಿಗೆ ಕಾಣುತ್ತದೆ. ಅದರ ಮೇಲೆ ಹೆಸರನ್ನೂ ಬರೆಯಬಹುದು. ಅದನ್ನು ನಡೆಯುವಂತಿರಿಸುವ ಉಪಾಧ್ಯಾಯರ ಶ್ರಮ ಕಾಣುವುದಿಲ್ಲ. ಆ ಶ್ರಮವನ್ನು ಕಡತಕ್ಕಿಳಿಸಿ, ಪ್ರತಿ ವಿಧಿಯ ಪಕ್ಕದಲ್ಲಿ ಅದೇಕೆ ಬೇಕಾಯಿತೆಂಬುದನ್ನು ಕನ್ನಡದಲ್ಲಿ ಒಂದು ಸಾಲು ಬರೆದಿಟ್ಟರೆ, ಮುಂದೆ ಬರುವ ಉಪಾಧ್ಯಾಯರು ಅದನ್ನು ಓದಿಯಾರು, ತಿದ್ದಿಯಾರು, ಬೆಳೆಸಿಯಾರು. ಬಲ್ಲವರು ಊರು ಬಿಟ್ಟ ಮೇಲೂ ಆ ಬಾಲಕಿಯ ಬೆರಳಿನಡಿಯಲ್ಲಿ ‘ಕ’ಕಾರವು ತನ್ನ ಸ್ಥಾನದಲ್ಲಿಯೇ ಇರುವುದಾದರೆ, ಕಾಯಕವೂ ದಾಸೋಹವೂ ಅಲ್ಲಿ ಒಂದುಗೂಡಿದಂತಾಯಿತು.